ಹೆಸರಿನ ಬಾಲದಲ್ಲಿದ್ದ ಅಂಗುಲಗಳು

ಇದ್ದದ್ದನ್ನು ಇದ್ದ ಹಾಗೆ ಒಂದು ಜಾಗದಿಂದ ಇನ್ನೊಂದು ಜಾಗಕ್ಕೆ ಸಾಗಿಸುವ ವಿದ್ಯೆಯಲ್ಲಿ ನನ್ನನ್ನು ಮೀರಿಸುವವರು ಯಾರೂ ಇಲ್ಲ. ಇದನ್ನು ಬೇರೆಯವರು ಹೇಳಿದ್ದರೆ ಚೆನ್ನಾಗಿತ್ತು. ಬಹಳ ಕಾಲ ಕಾದು ನೋಡಿ, ಯಾರೂ ಹೇಳುವ ಲಕ್ಷಣ ಕಾಣದೆ, ಈಗ ನಾನೇ ಹೇಳುತ್ತಿದ್ದೇನೆ. ನಾನು ನಮ್ಮ ಕಚೇರಿಯ ಕಡತ ವಿಭಾಗದ ಮುಖ್ಯಸ್ಥ. ಹಳೆಯ ಬೀರುವಿನ ಕಡತಗಳನ್ನು ಹೊಸ ಬೀರುವಿಗೆ, ಹೊಸ ಬೀರು ತುಂಬಿದ ಮೇಲೆ ಅವನ್ನೇ ಮತ್ತೆ ಹಳೆಯ ಬೀರುವಿಗೆ, ಒಂದು ಹಾಳೆಯ ಕಿವಿಯೂ ಮಡಚಿಕೊಳ್ಳದಂತೆ ಸಾಗಿಸುತ್ತಲೇ ನನ್ನ ತಲೆಗೂದಲು ಉದುರಿದೆ. ಇಂಥ ಮಹಾನುಭಾವನ ಹೆಂಡತಿ ತನ್ನ ಹಳೆಯ ಫೋನಿನ ನಂಬರುಗಳನ್ನು ಹೊಸ ಫೋನಿಗೆ ಹಾಕಿಸಿಕೊಳ್ಳಲು ಬೀದಿ ತುದಿಯ ಫೋನ್ ಅಂಗಡಿಗೆ ಹೋಗುತ್ತೇನೆ ಎಂದರೆ ನನಗೆ ಹೇಗಾಗಬೇಡ? ಈಜು ಕಲಿಸುವವನ ಮನೆಯವರೇ ಮೊಣಕಾಲುದ್ದದ ನೀರು ದಾಟಲು ದೋಣಿ ಕರೆದ ಹಾಗೆ!

“ಇಲ್ಲಿ ಕೊಡು ಅದನ್ನ. ಶನಿವಾರ ನನಗೆ ರಜೆ. ಕೂತ್ಕೊಂಡು ಏಳೋದ್ರೊಳಗೆ ಮುಗಿಸ್ತೀನಿ,” ಎಂದೆ.

“ಅಂಗಡಿಯವ್ರು ಮಾಡ್ಕೊಡ್ತೀನಿ ಅಂದಿದಾರೆ. ನೀವ್ಯಾಕೆ ಸುಮ್ನೆ?”

“ಸಮುದ್ರ ಈಜಿದವನಿಗೆ ಬಚ್ಚಲ ನೀರು ಯಾವ ಲೆಕ್ಕ?”

“ಜನ ಜಾರಿ ಬೀಳೋದು ಬಚ್ಚಲಲ್ಲೇ,” ಎಂದಳು. ಆದರೂ ಫೋನು ಕೊಟ್ಟಳು. ಇಷ್ಟು ವರ್ಷಗಳ ಸಂಸಾರದಲ್ಲಿ ಅವಳು ಮಾಡಿದ ತಪ್ಪುಗಳು ಎರಡೇ ಎರಡು. ಇದು ಎರಡನೆಯದು.

ನನ್ನ ಹೆಂಡತಿ ಟೈಲರ್. ಮನೆಯ ಮುಂದಿನ ಕೋಣೆಯೇ ಅವಳ ಅಂಗಡಿ. ಕಿಟಕಿಯ ಪಕ್ಕ ಹೊಲಿಗೆ ಯಂತ್ರ, ನಡುವೆ ಬಟ್ಟೆ ಕತ್ತರಿಸುವ ಉದ್ದನೆಯ ಮೇಜು, ಮೂಲೆಯಲ್ಲಿ ತಲೆಯಿಲ್ಲದ ಒಂದು ಮರದ ಬೊಂಬೆ. ಮನೆಗೆ ಬಂದವರು ಬೊಂಬೆಯನ್ನೂ ಅದರ ಪಕ್ಕ ಕೂತ ನನ್ನನ್ನೂ ನೋಡಿ, ಮೊದಲು ಬೊಂಬೆಗೆ ನಮಸ್ಕಾರ ಹೇಳಿದ್ದುಂಟು. ಅಳತೆ ಟೇಪು ಸದಾ ಅವಳ ಕೊರಳಲ್ಲೇ ಇರುತ್ತದೆ. ಊಟಕ್ಕೆ ಕೂತಾಗಲೂ ತೆಗೆಯುವುದಿಲ್ಲ. ಇದುವರೆಗೆ ಅವಳ ಪಾಲಿಗೆ ಬಂದದ್ದೆಲ್ಲ ಚಿಲ್ಲರೆ ಕೆಲಸ: ಪ್ಯಾಂಟಿನ ಕಾಲು ಮೊಟಕು ಮಾಡುವುದು, ಕಿತ್ತುಹೋದ ಜಿಪ್ಪು ಬದಲಿಸುವುದು, ತೆಳ್ಳಗಾಗುತ್ತೇನೆಂದು ಶಪಥ ಮಾಡಿ ದಪ್ಪಗಾದವರ ಬಟ್ಟೆಯ ಹೊಲಿಗೆ ಬಿಚ್ಚಿ ಅಗಲ ಮಾಡುವುದು. ಈ ಸಲ ಮಾತ್ರ ದೊಡ್ಡ ಕೆಲಸ ಒಲಿದು ಬಂದಿತ್ತು. ನಮ್ಮ ಬಡಾವಣೆಯ ಗಂಡಸರ ಗಾಯನ ತಂಡ ಮುಂದಿನ ವಾರ ಪುರಭವನದ ವೇದಿಕೆಯ ಮೇಲೆ ಹಾಡಲಿತ್ತು. ತಂಡಕ್ಕೆಲ್ಲ ಒಂದೇ ಬಣ್ಣದ ಕಡುನೀಲಿ ಕೋಟು. ಹೊಲಿಯುವವಳು ನನ್ನ ಹೆಂಡತಿ. ತಂಡವೇ ಎಲ್ಲರ ಅಳತೆಗೆ ತಕ್ಕಂತೆ ಬಟ್ಟೆ ತರಿಸಿಕೊಟ್ಟಿತ್ತು. ಒಂದು ಗೇಣು ಕೂಡ ಹೆಚ್ಚಿಗೆ ಇರಲಿಲ್ಲ. ಕತ್ತರಿ ಎಡವಿದರೆ ಮುಗಿಯಿತು.

“ಇದೊಂದು ಸರಿಯಾಗಿ ಆಗ್ಲಿ. ಬಾಗಿಲಿಗೆ ಒಂದು ಬೋರ್ಡ್ ಹಾಕೋಣ ಅಂತಿದೀನಿ,” ಎಂದು ಅವಳು ಒಂದು ಸಂಜೆ ಸೂಜಿಗೆ ದಾರ ಪೋಣಿಸುತ್ತ ಹೇಳಿದ್ದಳು. ನನ್ನ ಕಡೆ ನೋಡದೆ ಹೇಳಿದ್ದಳು. ಅವಳಿಗೆ ನಿಜವಾಗಿ ಬೇಕಾದದ್ದನ್ನು ಅವಳು ಯಾವಾಗಲೂ ಸೂಜಿಯನ್ನು ನೋಡಿಯೇ ಹೇಳುವುದು.

ಶನಿವಾರ ಬೆಳಿಗ್ಗೆ ಅವಳು ಗುಂಡಿ, ಅಸ್ತರಿನ ಬಟ್ಟೆ ತರಲು ಪೇಟೆಗೆ ಹೋದಳು. ನಾನು ಕತ್ತರಿಸುವ ಮೇಜಿನ ಮೇಲೆ ಎರಡೂ ಫೋನುಗಳನ್ನು ಇಟ್ಟುಕೊಂಡು, ತೋಳು ಮಡಚಿ, ಯುದ್ಧಕ್ಕೆ ಕೂತೆ. ಹಳೆಯ ಫೋನಿನ ಗಾಜು ಒಡೆದು ಜೇಡರ ಬಲೆಯಾಗಿತ್ತು. ಹೊಸದು ಬೇರೆ ಕಂಪನಿಯದು. ಎರಡೂ ಮೊದಲ ದಿನದ ಬೀಗರ ಹಾಗೆ ಮುಖ ತಿರುಗಿಸಿಕೊಂಡು ಕೂತಿದ್ದವು. ಪರವಾಗಿಲ್ಲ, ಸಂಧಾನಕ್ಕೆ ನಾನಿದ್ದೆನಲ್ಲ!

ಹಳೆಯ ಫೋನಿನಲ್ಲಿ ಹುಡುಕಿ ಹುಡುಕಿ ‘ಸಂಪರ್ಕಗಳನ್ನು ರಫ್ತು ಮಾಡಿ’ ಎಂಬ ಸಾಲನ್ನು ಒತ್ತಿದೆ. ರಫ್ತು! ಒಂದೇ ಬೆರಳಿನಲ್ಲಿ ನಾನು ಗುಮಾಸ್ತಿಕೆಯಿಂದ ಅಂತರರಾಷ್ಟ್ರೀಯ ವ್ಯಾಪಾರಕ್ಕೆ ಬಡ್ತಿ ಪಡೆದಿದ್ದೆ. ರಫ್ತಿಗೆ ಮೂರು ದಾರಿ ಇವೆ ಎಂದಿತು ಫೋನು. ಮೊದಲನೆಯದು ಖಾತೆಯ ಮೂಲಕ. ಅದಕ್ಕೆ ಗುಪ್ತಪದ ಬೇಕು. ನನ್ನ ಹೆಸರು ಹಾಕಿ ನೋಡಿದೆ, ತಪ್ಪು ಎಂದಿತು. ನಮ್ಮ ಮದುವೆಯ ದಿನಾಂಕ ಹಾಕಿದೆ, ಅದೂ ತಪ್ಪು ಎಂದಿತು. ಆ ಬಗ್ಗೆ ನಾನು ಹೆಚ್ಚು ಯೋಚಿಸಲು ಹೋಗಲಿಲ್ಲ. ಎರಡನೆಯ ದಾರಿ ಫೈಲಿನದು. ಒತ್ತಿದೆ. ‘ಉಳಿಸಲಾಗಿದೆ’ ಎಂದಿತು. ಎಲ್ಲಿ ಉಳಿಸಲಾಗಿದೆ ಎಂದು ಹೇಳಲಿಲ್ಲ. ನಮ್ಮ ಕಚೇರಿಯಿಂದ ಸಾರ್ವಜನಿಕರಿಗೆ ನಾವು ಕಳಿಸುವ ಉತ್ತರಗಳೂ ಹೀಗೇ ಇರುತ್ತವೆ. ಓದಿದವರ ಪಾಡು ಏನೆಂದು ನನಗೆ ಅಂದು ತಿಳಿಯಿತು.

ಮೂರನೆಯ ದಾರಿ ಸಿಮ್ ಕಾರ್ಡು. ನೋಡಿ, ಇದು ನನ್ನಂಥವನಿಗೆ ಹೇಳಿ ಮಾಡಿಸಿದ್ದು. ಖಾತೆ ಎಂದರೆ ಗಾಳಿ, ಫೈಲು ಎಂದರೆ ಮಾಯೆ. ಸಿಮ್ಮಾದರೋ ಕೈಗೆ ಸಿಗುವ ವಸ್ತು, ಬೆರಳ ತುದಿಯಲ್ಲಿ ಹಿಡಿಯಬಹುದು, ಬೇಕಾದರೆ ಕಚ್ಚಿ ನೋಡಬಹುದು. ಒತ್ತಿದೆ. ಫೋನು ಒಂದು ಎಚ್ಚರಿಕೆ ತೋರಿಸಿತು: ‘ಕೆಲವು ವಿವರಗಳು ಮೊಟಕಾಗಬಹುದು. ಮುಂದುವರಿಯಬೇಕೇ?’ ಕಡತ ಸಾಗಿಸುವವನು ಕಡತ ಓದಕೂಡದು ಎಂಬುದು ನಮ್ಮ ವಿಭಾಗದ ಮೊದಲ ನಿಯಮ. ಓದಲು ನಿಂತರೆ ಬೀರು ಖಾಲಿಯಾಗುವುದಿಲ್ಲ. ಆ ನಿಯಮದ ಬಲದಿಂದ, ಕಣ್ಣು ಆಚೆ ಇಟ್ಟು, ‘ಸರಿ’ ಎಂಬುದನ್ನು ಗಟ್ಟಿಯಾಗಿ ಒತ್ತಿದೆ.

ಸಿಮ್ಮನ್ನು ಹೊರಗೆಳೆಯುವ ಪಿನ್ನು ಕಾಣಿಸಲಿಲ್ಲ. ಹೆಂಡತಿಯ ಸೂಜಿಡಬ್ಬಿಯಿಂದ ಒಂದು ಒಳ್ಳೆಯ ಸೂಜಿ ತೆಗೆದುಕೊಂಡೆ. ಕೆಲಸ ಮುಗಿದಾಗ ಸೂಜಿ ಗಾಳದ ಆಕಾರಕ್ಕೆ ಬಂದಿತ್ತು, ಸಿಮ್ಮು ಹೊಸ ಫೋನಿನ ಹೊಟ್ಟೆ ಸೇರಿತ್ತು. ಆಮದು ಎಂದು ಒತ್ತಿದೆ. ಎಲ್ಲರೂ ಬಂದಿದ್ದಾರೆ ಎಂದಿತು. ತಲೆ ಎಣಿಕೆಯೂ ಸರಿಹೋಯಿತು. ಅಲ್ಲಿಗೇ ನಿಲ್ಲಿಸಿದ್ದರೆ ಈ ಬರಹದ ಪ್ರಮೇಯವೇ ಬರುತ್ತಿರಲಿಲ್ಲ. ಆದರೆ ಬೀರು ಖಾಲಿ ಮಾಡಿದ ಮೇಲೆ ಒಳಗೆ ಒಮ್ಮೆ ಒರೆಸಿ ಬಿಡುವುದು ನನ್ನ ಪದ್ಧತಿ. ಹಳೆಯ ಫೋನಿನ ಒಳಗಿದ್ದದ್ದನ್ನೆಲ್ಲ ಅಳಿಸಿ, ಅದು ಕಾರ್ಖಾನೆಯಿಂದ ಹುಟ್ಟಿ ಬಂದ ದಿನದ ಮುಗ್ಧತೆಗೆ ಮರಳಿಸಿ, ಕೈ ಝಾಡಿಸಿಕೊಂಡು ಎದ್ದೆ.

ಅಷ್ಟರಲ್ಲಿ ಹೆಂಡತಿ ಬಂದಳು. ಗುಂಡಿಯ ಪೊಟ್ಟಣ ಮೇಜಿನ ಮೇಲಿಡುತ್ತ, ಹೆಸರುಗಳೆಲ್ಲ ಬಂದವಾ ಎಂದು ಕೇಳಿದಳು. ಅಕ್ಷರ ಬಿಡದೆ ಬಂದಿವೆ ಎಂದು ಎದೆಯುಬ್ಬಿಸಿ ಹೇಳಿದೆ.

“ಪೂರ್ತಿ ಬಂದಿವೆ ತಾನೇ? ಯಾಕಂದ್ರೆ ಅಳತೆ ಎಲ್ಲ ಹೆಸರಿನ ಪಕ್ಕದಲ್ಲೇ ಬರೆದಿರೋದು.”

“ಅಳತೆ ಅಂದ್ರೆ?”

“ಕೋಟಿನ ಅಳತೆ ರೀ. ‘ಹಲ್ಲಿನ ಡಾಕ್ಟ್ರು’ ಅಂತ ಬರೆದು ಮುಂದಕ್ಕೆ ಎದೆ, ಸೊಂಟ, ತೋಳು, ಎಡ ಭುಜ ಸ್ವಲ್ಪ ಇಳಿಜಾರು, ಎಲ್ಲ. ಅವ್ರು ಫೋನ್ ಮಾಡಿದ್ರೆ ಸಾಕು, ಅಂಗುಲ ಸಮೇತ ಕಣ್ಮುಂದೆ ಬಂದ್ಬಿಡ್ತಾರೆ. ನಾಳೆ ಬೆಳಿಗ್ಗೆ ಕತ್ತರಿಸೋಕೆ ಶುರು ಮಾಡ್ತೀನಿ. ಎಲ್ಲಿ, ಕೊಡಿ ನೋಡೋಣ.”

ಹೊಸ ಫೋನಿಗೆ ಮೊದಲ ಸಲ ಇಡೀ ದಿನ ಚಾರ್ಜ್ ಹಾಕಬೇಕು, ಮುಟ್ಟಿದರೆ ಆಯಸ್ಸು ಕಡಿಮೆಯಾಗುತ್ತದೆ ಎಂದೊಂದು ಶಾಸ್ತ್ರವನ್ನು ನಿಂತ ನಿಲುವಿನಲ್ಲಿ ಹುಟ್ಟಿಸಿ, ಫೋನನ್ನು ಎತ್ತಿಕೊಂಡು ಹಿಂದಿನ ಕೋಣೆಗೆ ಓಡಿದೆ. ತೆರೆದು ನೋಡಿದೆ. 

ಬೆರಳುಗುರಿನಷ್ಟು ಸಿಮ್ಮಿನಲ್ಲಿ ಎಷ್ಟು ತಾನೇ ಹಿಡಿದೀತು? ಅದು ಪ್ರತಿಯೊಬ್ಬರ ಹೆಸರಿನಿಂದಲೂ ಎರಡು ಮೂರು ಅಕ್ಷರದ ತುಂಡು ಇಟ್ಟುಕೊಂಡು ಉಳಿದದ್ದನ್ನೆಲ್ಲ ಕತ್ತರಿಸಿ ಎಸೆದಿತ್ತು. ಎದೆ ಇಲ್ಲ, ಸೊಂಟ ಇಲ್ಲ, ತೋಳಿಲ್ಲ. ಬಸ್ಸಿನ ಡ್ರೈವರು ಬರೀ ‘ಬಸ್ಸಿ’ ಆಗಿದ್ದ. ಔಷಧಿ ಅಂಗಡಿಯವರು ‘ಔಷ’ ಎಂದು ನಿಟ್ಟುಸಿರು ಬಿಟ್ಟಂತೆ ನಿಂತಿದ್ದರು. ‘ಯಜಮಾನರು’ ಎಂದು ಗೌರವದಿಂದ ಮೆರೆಯುತ್ತಿದ್ದ ನಾನು ‘ಯಜಮಾ’ ಆಗಿ ಬಾಲ ಕಳೆದುಕೊಂಡಿದ್ದೆ. ನಾನು ನೋಡುತ್ತಿದ್ದಂತೆಯೇ ಫೋನು ಗುಂಯ್ ಎಂದು ನಡುಗಿತು. ಪರದೆಯ ಮೇಲೆ ‘ಹಲ್ಲಿ’ ಎಂದು ಬಂತು. ಹಲ್ಲಿನ ಡಾಕ್ಟರು ಕರೆಯುತ್ತಿದ್ದರು. ಹಲ್ಲಿ ಲೊಚಗುಟ್ಟಿದರೆ ಹೇಳಿದ ಮಾತು ಸತ್ಯವಾಗುತ್ತದೆ ಎನ್ನುತ್ತಾರೆ. ಆ ಕ್ಷಣ ನಾನು ಮನಸ್ಸಿನಲ್ಲಿ ಹೇಳಿಕೊಳ್ಳುತ್ತಿದ್ದ ಮಾತು ‘ಕೆಟ್ಟೆ’ ಎಂಬುದು. ಕರೆ ತೆಗೆಯದೆ ಫೋನನ್ನು ದಿಂಬಿನಡಿಗೆ ತಳ್ಳಿದೆ.

ಹಳೆಯ ಫೋನನ್ನು ಜೇಬಿಗೆ ಹಾಕಿಕೊಂಡು ಬೀದಿ ತುದಿಯ ಅಂಗಡಿಗೆ ಹೋದೆ. ಅಂಗಡಿಯವನು ಅದನ್ನು ತಿರುಗಿಸಿ ಮುರುಗಿಸಿ ನೋಡಿ, ಇಷ್ಟು ಚೊಕ್ಕವಾಗಿ ಅಳಿಸಿದ್ದನ್ನು ತಾನು ನೋಡೇ ಇಲ್ಲ ಎಂದು ಮೆಚ್ಚಿಕೊಂಡ. ಕೊನೆಗೂ ನನ್ನ ಕೆಲಸವನ್ನು ಹೊಗಳುವವನೊಬ್ಬ ಸಿಕ್ಕಿದ್ದ!

ಈಗ ಸುಲಭದ ದಾರಿಯೊಂದಿತ್ತು. ಮನೆಗೆ ಹೋಗಿ ಹೆಂಡತಿಗೆ ನಿಜ ಹೇಳುವುದು. ಉಗುರಿನಲ್ಲಿ ಹೋಗುವುದಕ್ಕೆ ಕೊಡಲಿ ತೆಗೆದುಕೊಳ್ಳಬಾರದು ಎಂದು ಹಿರಿಯರು ಹೇಳಿದ್ದಾರೆ. ಆದರೆ ಅಕ್ಷರ ಬಿಡದೆ ಬಂದಿವೆ ಎಂದು ಹೇಳಿ ಇನ್ನೂ ಊಟ ಕೂಡ ಅರಗಿರಲಿಲ್ಲ. ಜಟ್ಟಿ ಜಾರಿ ಬಿದ್ದರೂ ಮೀಸೆಗೆ ಮಣ್ಣು ತಾಗಬಾರದು. ನಾಳೆ ಬೆಳಗಾಗುವುದರೊಳಗೆ ಇಡೀ ಗಾಯನ ತಂಡದ ಅಳತೆಯನ್ನು ನಾನೇ ತೆಗೆದು ಫೋನಿಗೆ ತುಂಬಿಸುವುದೆಂದು ನಿಶ್ಚಯಿಸಿದೆ. ಫೋನಿನಲ್ಲಿ ಕೇಳೋಣವೆಂದರೆ ತನ್ನ ಎದೆ ಎಷ್ಟು ಅಂಗುಲ ಎಂದು ಯಾವ ಗಂಡಸಿಗೂ ಗೊತ್ತಿರುವುದಿಲ್ಲ. ಟೇಪು ಹಿಡಿದು ಹೋದರೋ, ಅಳತೆ ಕೊಟ್ಟಾಗಿದೆಯಲ್ಲ ಎಂದು ಅವರು ತಕ್ಷಣ ನನ್ನ ಹೆಂಡತಿಗೇ ಕರೆ ಮಾಡುತ್ತಾರೆ. ಅವರಿಗೆ ತಿಳಿಯದಂತೆ ಅವರನ್ನು ಅಳೆಯಬೇಕು. ಒಬ್ಬ ಮನುಷ್ಯನ ಸುತ್ತಳತೆಯನ್ನು ಅವನಿಗೇ ತಿಳಿಯದಂತೆ ತೆಗೆಯಲು ಲೋಕದಲ್ಲಿ ಇರುವ ಉಪಾಯ ಒಂದೇ.

ಅಪ್ಪಿಕೊಳ್ಳುವುದು!

ಇಲ್ಲಿ ನನ್ನ ಸ್ವಭಾವದ ಬಗ್ಗೆ ಒಂದು ಮಾತು. ನಾನು ಜನರನ್ನು ಮುಟ್ಟುವವನಲ್ಲ. ಕೈ ಕುಲುಕುವಾಗಲೂ ಎರಡು ಬೆರಳು ಕೊಟ್ಟು ವಾಪಸು ಪಡೆಯುವವನು. ಅಂಥವನು ಅಂದು ಮಧ್ಯಾಹ್ನ ಕಪ್ಪು ಕೋಟು ತೊಟ್ಟು, ಹೆಂಡತಿಯ ಬಿಳಿ ಚಾಕಿನ ತುಂಡು ಜೇಬಿಗಿಳಿಸಿ, ಮಲಗುವ ಕೋಣೆಯ ಬೀರುವನ್ನು ಅಪ್ಪಿಕೊಂಡು ಅಭ್ಯಾಸಕ್ಕೆ ನಿಂತೆ. ಒಂದು ಕೈಯ ಬೆರಳು ಇನ್ನೊಂದು ತೋಳಿನ ಎಲ್ಲಿಗೆ ಮುಟ್ಟುತ್ತದೋ ಅಲ್ಲಿ ಒಂದು ಗೆರೆ. ಆಮೇಲೆ ಸ್ಕೇಲಿನಲ್ಲಿ ಲೆಕ್ಕ. ಮೂರನೆಯ ಅಪ್ಪುಗೆಯಲ್ಲಿ ಕಣ್ಣು ಮುಚ್ಚಿ ತನ್ಮಯನಾಗಿದ್ದಾಗ ಬಾಗಿಲಲ್ಲಿ ಹೆಂಡತಿ ನಿಂತಿದ್ದಳು.

“ಏನ್ರೀ ಅದು?”

“ಬೀರು… ಸ್ವಲ್ಪ ಸರಿಸೋಣ ಅಂತ.”

“ಸರಿಸಿ,” ಎಂದಳು. “ಆದ್ರೆ ಅದರ ಕಿವೀಲಿ ಏನೂ ಹೇಳ್ಬೇಡಿ.”

ಮೊದಲು ಹಲ್ಲಿನ ಡಾಕ್ಟರ ಹತ್ತಿರ ಹೋದೆ. ಅವರ ಚಿಕಿತ್ಸಾಲಯ ಇರುವ ಕಟ್ಟಡದ ಮೇಲಿನ ಮಹಡಿಯಲ್ಲಿ ಹೃದಯದ ಡಾಕ್ಟರು ಕೂರುತ್ತಾರೆ ಎಂಬುದನ್ನು ದಯವಿಟ್ಟು ನೆನಪಿನಲ್ಲಿಡಿ, ನಾನು ಇಟ್ಟಿರಲಿಲ್ಲ. ಹಲ್ಲಿನ ಡಾಕ್ಟರು ಬಿದಿರುಕಡ್ಡಿಯಂಥ ಮನುಷ್ಯ. ನೋಯದ ಹಲ್ಲೊಂದನ್ನು ತೋರಿಸಿ, ಅವರು ಅದನ್ನು ಕೀಳುವುದೇ ಲೇಸೆಂದು ಹೇಳುತ್ತಿದ್ದಂತೆಯೇ ಕುರ್ಚಿಯಿಂದ ಎದ್ದು, ನಿಮ್ಮ ಉಪಕಾರ ಮರೆಯಲಾರೆ ಎನ್ನುತ್ತ ಬಿಗಿಯಾಗಿ ಅಪ್ಪಿಕೊಂಡೆ. ಕೈಯಲ್ಲಿ ಕನ್ನಡಿ ಹಿಡಿದೇ ಅವರು ನನ್ನ ತೋಳುಗಳಲ್ಲಿ ಮಾಯವಾದರು. ಬೆರಳು ತೋಳಿನ ಮೇಲೆ ಎಷ್ಟು ದೂರ ಹೋಯಿತೆಂದು ಎಣಿಸುವಾಗ ನನ್ನ ತುಟಿ ತಾನಾಗಿ ಅಲ್ಲಾಡುತ್ತಿತ್ತು. ಅದು ಅವರಿಗೆ ಪ್ರಾರ್ಥನೆಯಂತೆ ಕಂಡಿತಂತೆ.

ಕಟ್ಟಡದ ಮೆಟ್ಟಿಲಿಳಿದರೆ ಎದುರಿಗೇ ಬಸ್ಸಿನ ಡ್ರೈವರು. ತಂಡದಲ್ಲಿ ಅತ್ಯಂತ ಗಂಭೀರ ಕಂಠ, ಅದಕ್ಕಿಂತ ಗಂಭೀರವಾದ ಹೊಟ್ಟೆ. ಅವರೆದುರು ನಿಂತು ಎರಡೂ ಕೈ ಚಾಚಿದೆ. ಅಪ್ಪಿಕೊಂಡೆ ಎನ್ನುವುದಕ್ಕಿಂತ ಅಂಟಿಕೊಂಡೆ ಎನ್ನುವುದೇ ಸರಿ, ಏಕೆಂದರೆ ನನ್ನ ಎರಡು ಕೈಗಳು ಆ ಕಡೆ ಎಲ್ಲೂ ಸಂಧಿಸಲಿಲ್ಲ. ಡ್ರೈವರು ಮೇಲಿನ ಮಹಡಿಯ ಹೃದಯದ ಬೋರ್ಡನ್ನು ನೋಡಿದರು, ನನ್ನ ಮುಖ ನೋಡಿದರು. ಡಾಕ್ಟರು ಏನಂದರು ಎಂದು ಮೆಲ್ಲಗೆ ಕೇಳಿದರು. ನಾನು ಹೇಗೆ ಬಾಯಿ ಬಿಡಲಿ? ಹಲ್ಲಿನ ಡಾಕ್ಟರ ಲೆಕ್ಕ ಇನ್ನೂ ನಾಲಿಗೆಯ ಮೇಲಿತ್ತು, ಮಾತಾಡಿದರೆ ಉದುರಿಹೋಗುತ್ತದೆ. ತಲೆ ತಗ್ಗಿಸಿ, ಒಂದು ನಿಟ್ಟುಸಿರು ಬಿಟ್ಟು, ಆಚೆ ತಿರುಗಿ ತೋಳಿನ ಮೇಲೆ ಆ ಲೆಕ್ಕದ ಗೆರೆ ಎಳೆದುಕೊಂಡೆ. ಹಿಂದಿನಿಂದ ನೋಡಿದವರಿಗೆ ನಾನು ಕಣ್ಣೊರೆಸಿಕೊಂಡಂತೆ ಕಂಡಿರಬೇಕು. ಆ ದೊಡ್ಡ ಮನುಷ್ಯ ಹಿಂದಿನಿಂದ ಬಂದು ನನ್ನನ್ನು ಮತ್ತೆ ಅಪ್ಪಿಕೊಂಡರು. ಬಹಳ ಹೊತ್ತು ಬಿಡಲಿಲ್ಲ. ಆ ಬೆಚ್ಚಗಿನ ಕತ್ತಲಲ್ಲಿ ನನಗೆ ಲೆಕ್ಕ ಮರೆತುಹೋಯಿತು. ನಿಜ ಹೇಳುತ್ತೇನೆ, ಚೆನ್ನಾಗಿತ್ತು.

ಔಷಧಿ ಅಂಗಡಿಯವರನ್ನು ಗಲ್ಲಾಪೆಟ್ಟಿಗೆಯ ಹಿಂದೆಯೇ ನುಗ್ಗಿ ಹಿಡಿದೆ. ಉಳಿದವರನ್ನು ಸಂಜೆ ತಂಡದ ಅಭ್ಯಾಸದ ಕೋಣೆಯಲ್ಲಿ ಸಗಟಾಗಿ ಮುಗಿಸಿದೆ. ಸಾಲಾಗಿ ನಿಂತು ಹಾಡುತ್ತಿದ್ದವರನ್ನು ಒಂದು ತುದಿಯಿಂದ ಅಪ್ಪಿಕೊಳ್ಳುತ್ತ ಹೋದೆ. ಒಬ್ಬೊಬ್ಬರನ್ನೂ ಬಿಟ್ಟ ಕೂಡಲೇ ಗೋಡೆಗೆ ತಿರುಗಿ ಒಂದು ಗೆರೆ. ನಾನು ದಾಟಿದ ಕಡೆಯೆಲ್ಲ ಹಾಡು ನಿಂತುಹೋಯಿತು. ತಂಡದ ಗುರು ಒಬ್ಬ ನಿವೃತ್ತ ಮುಖ್ಯೋಪಾಧ್ಯಾಯಿನಿ. ನಾವೆಲ್ಲ ಅವರನ್ನು ಹೆಡ್ ಮಿಸ್ ಎನ್ನುತ್ತೇವೆ. ಅವರಿಗೆ ಕೋಟು ಬೇಡವಾಗಿತ್ತು, ಆದ್ದರಿಂದ ಅಪ್ಪುಗೆಯೂ ಬೇಕಿರಲಿಲ್ಲ. ಅವರಿಗೆ ಕೈಮುಗಿದು ಹೊರಗೆ ಬಂದೆ. ಕನ್ನಡಕದ ಮೇಲಿನಿಂದ ಅವರು ನನ್ನನ್ನು ನೋಡಿದ ನೋಟ ಇನ್ನೂ ಬೆನ್ನಿಗೆ ಅಂಟಿಕೊಂಡಿದೆ.

ಮನೆಗೆ ಬಂದು ಕೋಟು ಬಿಚ್ಚಿ ದೀಪದ ಕೆಳಗೆ ಹಿಡಿದೆ. ತೋಳಿನ ತುಂಬ ಬಿಳಿ ಗೆರೆಗಳು, ಜೀಬ್ರಾ ನಾಚಬೇಕು! ಆದರೆ ಯಾವ ಗೆರೆ ಯಾರ ಎದೆ? ಯಾರ ಸೊಂಟ ಯಾರ ಎದೆಯ ಮೇಲೆ ಬಿದ್ದಿದೆ? ಸಾಲದ್ದಕ್ಕೆ ಡ್ರೈವರ ಎರಡನೆಯ ಅಪ್ಪುಗೆಯಲ್ಲೂ ಆಮೇಲಿನವರ ಅಪ್ಪುಗೆಗಳಲ್ಲೂ ಅರ್ಧ ಗೆರೆಗಳು ಉಜ್ಜಿಹೋಗಿ ಮೋಡವಾಗಿದ್ದವು. ಕೋಟನ್ನು ಗೂಟಕ್ಕೆ ಹಾಕಿ, ಬೆಳಿಗ್ಗೆ ಏನಾದರೂ ಹೊಳೆಯುತ್ತದೆ ಎಂದುಕೊಂಡು ಮಲಗಿಬಿಟ್ಟೆ.

ಬೆಳಿಗ್ಗೆ ಹೊಳೆದದ್ದು ಹೆಂಡತಿಯ ಕತ್ತರಿ ಮಾತ್ರ. ಸ್ನಾನ ಮುಗಿಸಿ ಬರುವಷ್ಟರಲ್ಲಿ ಅವಳು ಮೇಜಿನ ಮೇಲೆ ಕಡುನೀಲಿ ಬಟ್ಟೆ ಹರಡಿ, ಅಂಗೈಯಿಂದ ಸವರಿ ಸುಕ್ಕು ತೆಗೆಯುತ್ತಿದ್ದಳು. ಮಗುವಿನ ಬೆನ್ನು ಸವರುವ ಹಾಗೆ. ನೀವು ಫೋನ್ ನೋಡಿ ಓದುತ್ತಾ ಹೋಗಿ, ನಾನು ಗೆರೆ ಹಾಕಿ ಕತ್ತರಿಸುತ್ತೇನೆ ಎಂದಳು.

“ಹೂಂ. ಹಲ್ಲಿನ ಡಾಕ್ಟ್ರು. ಎದೆ?”

ನಾನು ‘ಹಲ್ಲಿ’ಯನ್ನು ನೋಡಿದೆ. ಹಲ್ಲಿ ನನ್ನನ್ನು ನೋಡಿತು.

“ನಲವತ್ತಾರು,” ಎಂದೆ.

ಚಾಕು ಹಿಡಿದವರ ಮುಂದೆ ಸುಳ್ಳು ಹೇಳಬಾರದು ಎನ್ನುತ್ತಾರೋ ಇಲ್ಲವೋ, ಕತ್ತರಿ ಹಿಡಿದವರ ಮುಂದೆ ಹೇಳಬಾರದು ಎಂದು ನಾನು ಈಗ ಹೇಳುತ್ತೇನೆ. ಅವಳ ಕೈ ಬಟ್ಟೆಯ ಮೇಲೆ ಹಾಗೇ ನಿಂತಿತು. ಕತ್ತರಿಯ ಬಾಯಿ ತೆರೆದೇ ಇತ್ತು.

“ಆ ಕಡ್ಡಿ ಮನುಷ್ಯನಿಗೆ ನಲವತ್ತಾರಾ? ನಾನು ಹಾಗೆ ಬರ್ದಿದೀನಾ?”

ಅವಳ ದನಿಯಲ್ಲಿ ನನ್ನ ಮೇಲಿನ ಅನುಮಾನ ಇರಲಿಲ್ಲ. ತನ್ನ ಮೇಲಿನ ಅನುಮಾನ ಇತ್ತು. ತಾನೇ ತಪ್ಪು ಅಳೆದೆನೇ ಎಂದು ಅವಳು ಆ ಬಟ್ಟೆಯನ್ನು, ತನ್ನ ಕೈಯನ್ನು ನೋಡಿಕೊಂಡಳು. ಬೋರ್ಡಿನ ಆಸೆ ಆ ಮುಖದಿಂದ ಮೆಲ್ಲಗೆ ಇಳಿಯುವುದು ನನಗೆ ಕಾಣಿಸಿತು. ಮೀಸೆ ಮಣ್ಣಾದರೆ ಆಗಲಿ, ಈಗ ಹೇಳಿಬಿಡಬೇಕು ಎಂದು ನಾನು ಬಾಯಿ ತೆರೆದೆ. ಅದೇ ಹೊತ್ತಿಗೆ ಬಾಗಿಲ ಗಂಟೆ ಸದ್ದಾಯಿತು.

ಹೊರಗೆ ಇಡೀ ಗಾಯನ ತಂಡ ನಿಂತಿತ್ತು. ಒಬ್ಬರ ಕೈಯಲ್ಲಿ ಹಣ್ಣು, ಒಬ್ಬರ ಕೈಯಲ್ಲಿ ಹೂಗುಚ್ಛ. ಬಸ್ಸಿನ ಡ್ರೈವರು ಒಂದು ಮೆತ್ತನೆಯ ದಿಂಬು ತಂದಿದ್ದರು. ಯಾರೂ ನನ್ನ ಮುಖ ನೋಡಲಿಲ್ಲ. ಎಲ್ಲರೂ ನನ್ನ ಎದೆಯ ಎಡಭಾಗವನ್ನೇ ನೋಡಿದರು. ಇಷ್ಟು ಜನ ಗಣ್ಯರು ಬಂದಾಗ ಬರೀ ಅಂಗಿಯಲ್ಲಿ ನಿಲ್ಲುವುದು ಚೆನ್ನಾಗಿರದು ಎಂದು ನಾನು ಗೂಟದಲ್ಲಿದ್ದ ಕೋಟು ಎಳೆದು ಹಾಕಿಕೊಂಡೆ. ಬುದ್ಧಿ ಬೇಕಾದಾಗ ಬಾರದೆ ಬೇಡವಾದಾಗ ಬರುವುದು ಹೀಗೆ.

ಹೆಡ್ ಮಿಸ್ ಮುಂದೆ ಬಂದು ನನ್ನ ಹೆಂಡತಿಯ ಎರಡೂ ಕೈ ಹಿಡಿದುಕೊಂಡರು.

“ಧೈರ್ಯ ತಂದ್ಕೋ ಮಗಳೇ. ನಾವೆಲ್ಲ ಇದೀವಿ.”

“ಏನಾಯ್ತು ಮಿಸ್?”

“ನಿನಗಿನ್ನೂ ಹೇಳಿಲ್ವಾ ಇವ್ರು?” ಎಂದು ಹೆಡ್ ಮಿಸ್ ನನ್ನ ಕಡೆ ತಿರುಗಿದರು. ಆ ನೋಟದಲ್ಲಿ ಕರುಣೆಯೂ ಇತ್ತು, ಮನೆಪಾಠ ಮಾಡಿಕೊಂಡು ಬಾರದವನಿಗೆ ಸಿಗುವ ಕೋಪವೂ ಇತ್ತು. “ನಿನ್ನೆ ಊರೆಲ್ಲ ಸುತ್ತಿ ಒಬ್ಬೊಬ್ಬರನ್ನೂ ಅಪ್ಪಿಕೊಂಡು ಬೀಳ್ಕೊಂಡು ಬಂದಿದಾರೆ. ಹೆಂಡತಿಗೆ ಹೇಳೋಕೆ ಮಾತ್ರ ಬಾಯಿ ಬಂದಿಲ್ಲ.”

ಔಷಧಿ ಅಂಗಡಿಯವರು ಮುಂದೆ ಬಂದು, ಯಾವ ಔಷಧ ಬೇಕಾದರೂ ಯಾವ ಹೊತ್ತಿನಲ್ಲಾದರೂ ಮನೆ ಬಾಗಿಲಿಗೇ ತಂದುಕೊಡುತ್ತೇನೆ ಎಂದರು. ಹಲ್ಲಿನ ಡಾಕ್ಟರು ಆ ಹಲ್ಲನ್ನು ಇನ್ನು ಕೀಳುವುದು ಬೇಡ, ಇದ್ದಷ್ಟು ದಿನ ಇರಲಿ ಎಂದರು. ಹೆಡ್ ಮಿಸ್ ಬೆರಳೆತ್ತಿದರು. ತಂಡ ಮೇಜಿನ ಸುತ್ತ ಅರ್ಧಚಂದ್ರವಾಗಿ ನಿಂತು, ನನಗಾಗಿ ಹಿಂದಿನ ಸಂಜೆ ಕಲಿತ ಬೀಳ್ಕೊಡುಗೆಯ ಹಾಡೊಂದನ್ನು ಎತ್ತಿತು. ದೋಣಿಯೊಂದು ತೀರ ಬಿಟ್ಟು ದೂರ ದೂರ ಹೋಗುವ ಹಾಡು. ಎಷ್ಟು ಚೆನ್ನಾಗಿ ಹಾಡಿದರೆಂದರೆ, ನನಗೆ ಏನೂ ಆಗಿಲ್ಲ ಎಂದು ಖಚಿತವಾಗಿ ಗೊತ್ತಿದ್ದ ಒಬ್ಬನೇ ಒಬ್ಬ ಮನುಷ್ಯನಾದ ನನಗೂ ಅಳು ಬಂದುಬಿಟ್ಟಿತು. ಕಣ್ಣೊರೆಸಿಕೊಳ್ಳಲು ತೋಳೆತ್ತಿದೆ.

ಹೆಂಡತಿ ಆ ತೋಳನ್ನು ಗಾಳಿಯಲ್ಲೇ ಹಿಡಿದಳು. ಅವಳ ಮುಖ ಅಷ್ಟು ಹೊತ್ತಿಗೆ ಬಿಳುಚಿತ್ತು. ತೋಳನ್ನು ಹಿಡಿದದ್ದು ನಾನು ಬೀಳದಿರಲೆಂದೇ ಇರಬೇಕು. ಆದರೆ ಕಣ್ಣು ಟೈಲರಿನದು. ಅದು ಗೆರೆಗಳ ಮೇಲೆ ನಿಂತಿತು. ಬೆರಳಿನಿಂದ ಒಂದು ಗೆರೆ ಉಜ್ಜಿ, ಆ ಬೆರಳನ್ನು ನೋಡಿಕೊಂಡಳು.

“ಇದು ನನ್ನ ಚಾಕ್.”

ಹಾಡು ನಿಂತಿತು. ದೋಣಿ ನಡುನೀರಿನಲ್ಲಿ ಉಳಿಯಿತು.

ನಾನು ಎಲ್ಲವನ್ನೂ ಹೇಳಿದೆ. ರಫ್ತು ಹೇಳಿದೆ, ಆಮದು ಹೇಳಿದೆ, ಓದದೆ ಒತ್ತಿದ ‘ಸರಿ’ಯನ್ನು ಹೇಳಿದೆ. ಸೂಜಿಯ ವಿಷಯವನ್ನೂ ಬಿಡಲಿಲ್ಲ.  ಮೊದಲು ನಡುಗಿದ್ದು ಬಸ್ಸಿನ ಡ್ರೈವರ ಹೊಟ್ಟೆ. ಆ ನಗು ಮೇಲೇರಿ ಗಂಟಲು ತಲುಪುವಷ್ಟರಲ್ಲಿ ಔಷಧಿ ಅಂಗಡಿಯವರು ಮೇಜಿನ ಕಾಲು ಹಿಡಿದು ಕೂತಿದ್ದರು. ಹಲ್ಲಿನ ಡಾಕ್ಟರು ತಾವು ಇಡೀ ರಾತ್ರಿ ಹಲ್ಲಿಯಾಗಿದ್ದ ಸುದ್ದಿ ತಿಳಿದು, ಹಲ್ಲೆಲ್ಲ ಕಾಣುವಂತೆ ನಕ್ಕರು. ತಂಡ ಎಂದೂ ಇಷ್ಟು ಒಂದೇ ಶ್ರುತಿಯಲ್ಲಿ ಇರಲಿಲ್ಲ ಎಂದು ಹೆಡ್ ಮಿಸ್ಸೇ ಒಪ್ಪಿಕೊಂಡರು.

ನಗದವಳು ನನ್ನ ಹೆಂಡತಿ ಒಬ್ಬಳೇ. ಅವಳು ನನ್ನ ಎದೆಯ ಮೇಲೆ ಅಂಗೈ ಇಟ್ಟು, ಒಳಗಿನದು ಸರಿಯಾಗಿ ಹೊಡೆದುಕೊಳ್ಳುತ್ತಿದೆಯೇ ಎಂದು ಒಂದು ಕ್ಷಣ ನೋಡಿದಳು. ಹೊಡೆದುಕೊಳ್ಳುತ್ತಿತ್ತು, ಭಯಕ್ಕೆ. ಆಮೇಲೆ ಕೊರಳಿನಿಂದ ಟೇಪು ಎಳೆದಳು.

“ಬಾಗಿಲು ಹಾಕಿ. ಒಬ್ರೂ ಹೊರಗೆ ಹೋಗ್ಬೇಡಿ. ಸಾಲಾಗಿ ನಿಂತ್ಕೊಳ್ಳಿ.”

ಸಾಯುವವನನ್ನು ನೋಡಲು ಬಂದವರೆಲ್ಲ ಕೈ ಅಗಲಿಸಿ ಅಳತೆಗೆ ನಿಂತರು. ಊರೆಲ್ಲ ಹುಡುಕಿದರೂ ಒಂದೇ ಹೊತ್ತಿಗೆ ಸೇರಿಸಲಾಗದ ತಂಡ ನನ್ನ ಹೃದಯದ ದಯೆಯಿಂದ ನಮ್ಮ ಮುಂದಿನ ಕೋಣೆಯಲ್ಲಿ ಪೂರ್ತಿ ನೆರೆದಿತ್ತು! ಅವಳು ಅಂಗುಲ ಕೂಗಿದಳು. ನಾನು ತಲೆ ತಗ್ಗಿಸಿ ಫೋನಿನಲ್ಲಿ ಒತ್ತಿದೆ. ನನ್ನ ಅಪ್ಪುಗೆಯ ಲೆಕ್ಕವನ್ನೂ ಕುತೂಹಲಕ್ಕೆಂದು ಹೋಲಿಸಿ ನೋಡಿದರು. ನನ್ನ ಲೆಕ್ಕದ ಕೋಟಿನಲ್ಲಿ ಇನ್ನೊಬ್ಬ ಹಲ್ಲಿನ ಡಾಕ್ಟರು ಆರಾಮಾಗಿ ಹಿಡಿಸುತ್ತಿದ್ದರಂತೆ. ಬಸ್ಸಿನ ಡ್ರೈವರು ತಮ್ಮ ಸರದಿ ಮುಗಿದ ಮೇಲೆ, ಅಪ್ಪಿಕೊಂಡದ್ದು ಬರೀ ಅಳತೆಗಾ ಎಂದು ಸ್ವಲ್ಪ ಬೇಸರದಿಂದ ಕೇಳಿದರು. ಮೊದಲನೆಯದು ಅಳತೆಗೆ, ಎರಡನೆಯದರಲ್ಲಿ ಲೆಕ್ಕ ಮರೆತುಹೋಗಿತ್ತು ಎಂದು ಹೇಳಿದೆ. ಅವರಿಗೆ ಸಮಾಧಾನವಾಯಿತು. ತಂದ ದಿಂಬನ್ನು ವಾಪಸು ಒಯ್ಯಲಿಲ್ಲ.

ಕೋಟುಗಳು ಹೊತ್ತಿಗೆ ಸರಿಯಾಗಿ ಆದವು. ಪುರಭವನದ ವೇದಿಕೆಯ ಮೇಲೆ ತಂಡ ಕಡುನೀಲಿಯಲ್ಲಿ ನಿಂತಾಗ ಒಂದು ಭುಜ ಜೋತಿರಲಿಲ್ಲ, ಒಂದು ಗುಂಡಿ ಎಳೆದಿರಲಿಲ್ಲ. ಹಲ್ಲಿನ ಡಾಕ್ಟರ ಇಳಿಜಾರು ಭುಜ ಎಲ್ಲಿ ಅಡಗಿತೆಂದು ಅವರಿಗೇ ಗೊತ್ತಾಗಲಿಲ್ಲ. ಹಾಡಿಗೆ ಬಿದ್ದ ಚಪ್ಪಾಳೆಯಲ್ಲಿ ಅರ್ಧ ಹೊಲಿಗೆಯದೆಂದು ಪಕ್ಕದಲ್ಲಿ ಕೂತವರಿಗೆಲ್ಲ ನಾನು ಹೇಳಿದೆ. ಮುಗಿದ ಮೇಲೆ ಹೆಡ್ ಮಿಸ್ ನನ್ನ ಬಳಿ ಬಂದು, ಆ ದೋಣಿಯ ಹಾಡು ಬಹಳ ಚೆನ್ನಾಗಿ ಕೂತಿದೆ, ಮರೆಯದ ಹಾಗೆ ವಾರಕ್ಕೊಮ್ಮೆ ಅಭ್ಯಾಸ ಮಾಡಿಸುತ್ತಿರುತ್ತೇನೆ, ನಿಮಗೆ ಯಾವಾಗ ಬೇಕೋ ಹೇಳಿ ಎಂದರು. ತುಂಬ ಉಪಕಾರವಾಯಿತು, ಅವಸರವಿಲ್ಲ ಎಂದೆ.

ಬಾಗಿಲಿಗೆ ಬೋರ್ಡು ಬಂತು. ಏಣಿ ಹಿಡಿದುಕೊಳ್ಳುವ ಕೆಲಸ ನನಗೆ ಸಿಕ್ಕಿತು.

ಒಂದೇ ಒಂದು ಮಾತು ಬಾಕಿ ಇದೆ. ಪುರಭವನದಿಂದ ಹೊರಡುವಾಗ ಜನಸಂದಣಿಯಲ್ಲಿ ಹೆಂಡತಿ ಕಾಣಿಸಲಿಲ್ಲ. ಎಲ್ಲಿದ್ದಾಳೆಂದು ಕೇಳಲು ನನ್ನ ಫೋನಿನಿಂದ ಕರೆ ಮಾಡಿದೆ. ನನ್ನ ಹೆಗಲಲ್ಲೇ ಇದ್ದ ಅವಳ ಚೀಲದೊಳಗೆ ಅವಳ ಹೊಸ ಫೋನು ಬಡಿದುಕೊಂಡಿತು. ತೆಗೆದು ನೋಡಿದೆ. ಬೆಳಗುವ ಪರದೆಯ ಮೇಲೆ ಹೀಗಿತ್ತು: ‘ಫೋನ್ ಕೊಡಬಾರದು, ಸೊಂಟ ನಲವತ್ತೆರಡು, ಯಜಮಾನರು.’

ಅಷ್ಟರಲ್ಲಿ ಅವಳೇ ಬಂದಳು. ಊರವರೆಲ್ಲರ ಹೆಸರು ಮೊದಲು, ಉಳಿದದ್ದು ಆಮೇಲೆ. ನನ್ನದು ಮಾತ್ರ ಯಾಕೆ ತಲೆಕೆಳಗು ಎಂದು ಕೇಳಿದೆ. ಅವಳು ನನ್ನ ಕೈಯಿಂದ ಫೋನನ್ನು ಮೆಲ್ಲಗೆ ಬಿಡಿಸಿ ಚೀಲಕ್ಕೆ ಹಾಕಿಕೊಂಡಳು.

“ಇನ್ನೊಂದು ಸಲ ನೀವು ಕತ್ತರಿ ಹಾಕಿದ್ರೆ, ನಿಮ್ಮ ಹೆಸರು ಹೋದ್ರೂ ಪರವಾಗಿಲ್ಲ. ಎಚ್ಚರಿಕೆ ಉಳೀಬೇಕಲ್ಲ?”